ಚುಕ್ಕೆ ಇಟ್ಟ ಪ್ರಪೋಸಲ್

ಆರನೆಯ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಏಳು ಚುಕ್ಕೆಗಳಿವೆ. ಏಳನೆಯದರ ಪಕ್ಕದಲ್ಲಿ ಅರಿಶಿನದ ಬೆರಳಿನ ಗುರುತು. ಈಗ ಮಾಸಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ.

ಮೊನ್ನೆ ಸಂಜೆ ಈ ಕಾಗದಗಳನ್ನು ಹುಡುಕಿ ತೆಗೆದದ್ದು ಮೇಲಿನ ಮನೆಯ ಅನನ್ಯಳಿಂದಾಗಿ. ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಹತ್ತಿರದ ಈ ಅಪಾರ್ಟ್‌ಮೆಂಟಿನಲ್ಲಿ ನಾನು ಮಾತಾಡಿಸುವುದು ಅವಳೊಬ್ಬಳನ್ನೇ. ಮೈಸೂರಿನವಳು, ಪಿಎಚ್‌ಡಿಯ ಎರಡನೆಯ ವರ್ಷ. ಕುಕ್ಕರ್ ವಾಪಸ್ ಕೊಡಲು ಬಂದವಳು ಬಾಗಿಲಲ್ಲೇ ನಿಂತು, "ಅಕ್ಕ, ನನ್ನ ಪ್ರಪೋಸಲ್ ಫೇಲ್ ಆಯ್ತು. ಇನ್ನೊಂದು ಚಾನ್ಸ್ ಇದೆ, ತಗೊಳ್ಳಲ್ಲ. ನಾಳೆ ಅಡ್ವೈಸರ್‌ಗೆ ಬಿಡ್ತಿದೀನಿ ಅಂತ ಹೇಳ್ಬಿಡ್ತೀನಿ. ಪಿಎಚ್‌ಡಿ ಮುಗಿಸಿರೋ ನಿಮ್ಮಂಥೋರಿಗೆ ಇದೆಲ್ಲ ಆಗಿರಲ್ಲ ಬಿಡಿ" ಎಂದಳು.

ನಾನು ಏನು ಹೇಳಿದೆ ಗೊತ್ತೇ? ಊಟ ಆಯ್ತಾ ಎಂದು ಕೇಳಿದೆ. ಆಯ್ತು ಎಂದು ಅವಳು ಮೆಟ್ಟಿಲು ಹತ್ತಿ ಹೋದಳು. ನಾನು ಕುಕ್ಕರ್ ಒಳಗಿಟ್ಟು ಈ ಕಾಗದಗಳನ್ನು ಹುಡುಕಲು ಕೂತೆ.

ನನಗೂ ಆಗಿತ್ತು. ಅಪ್ಪ ಅಮ್ಮನಿಗೂ ಹೇಳಿಲ್ಲ. ಗೊತ್ತಿದ್ದವರು ಸರೋಜಾ ಆಂಟಿ ಒಬ್ಬರೇ. ಅದೂ ನಾನು ಹೇಳಿದ್ದಲ್ಲ.

ಕೋವಿಡ್ಡಿನಿಂದ ಕ್ಯಾಂಪಸ್ ಮುಚ್ಚಿದ್ದ ವರ್ಷ. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ ನಾನು ಬಾಡಿಗೆಗಿದ್ದೆ. ಧಾರವಾಡದವರು, ಆಸ್ಪತ್ರೆಯ ಲ್ಯಾಬಿನಲ್ಲಿ ಡಾಕ್ಟರಾಗಿದ್ದು ನಿವೃತ್ತರಾದವರು. ದಿನಾ ಹತ್ತಿರದ ಕೆರೆಯ ಸುತ್ತ ಒಂದು ಸುತ್ತು ಹಾಕಿ ಬಂದು, ಮಧ್ಯಾಹ್ನಕ್ಕೆ ರೊಟ್ಟಿ ಬಡಿಯುತ್ತಿದ್ದರು. ಆ ತಟ್‌ತಟ್ ಸದ್ದು, ಮನೆ ಬೆಚ್ಚಗಿಡುವ ಬಿಸಿಗಾಳಿಯ ಕಿಂಡಿಯಿಂದ ಇಳಿದು, ನನ್ನ ತಲೆಯ ಮೇಲೆಯೇ ಕೇಳುತ್ತಿತ್ತು. ಕೆಳಗಿನ ಸದ್ದು ಮೇಲಕ್ಕೂ ಹೋಗಬಹುದೆಂದು ನನಗೆ ಹೊಳೆಯಲಿಲ್ಲ.

ಏನು ಸಂಶೋಧನೆ ಮಾಡುತ್ತೇನೆಂದು ಬರೆದು ಸಮಿತಿಯ ಮುಂದೆ ಒಪ್ಪಿಸುವ ಪ್ರಪೋಸಲ್ ಪರೀಕ್ಷೆ ಝೂಮ್‌ನಲ್ಲಿ ನಡೆಯಿತು. ನಾನು ಬರೆದದ್ದು ನಲವತ್ತು ಪುಟ. ನೀವೂ ನಮ್ಮ ಕಡೆಯ ಪರೀಕ್ಷೆ ಬರೆದವರೇ ಆದರೆ ಅಡಿಷನಲ್ ಶೀಟಿನ ಮಹಿಮೆ ನಿಮಗೆ ಗೊತ್ತಿರುತ್ತದೆ. ಎದ್ದು ನಿಂತು ಶೀಟ್ ಕೇಳಿದವಳ ಕಡೆ ಇಡೀ ಹಾಲ್ ತಿರುಗಿ ನೋಡುತ್ತದೆ. ಹಾಗೆ ಕೇಳಿ ಕೇಳಿಯೇ ನಾನು ಅಮೆರಿಕದವರೆಗೆ ಬಂದಿದ್ದೆ. ಓದಿದ್ದನ್ನೆಲ್ಲ ತುಂಬಿಸಿದ್ದೆ, ಗೊತ್ತಿಲ್ಲದ್ದು ಎಲ್ಲಿಯೂ ಇಣುಕದಂತೆ ನೋಡಿಕೊಂಡಿದ್ದೆ. ಸಮಿತಿಯವರು ಫೇಲ್ ಮಾಡಿ, ಮತ್ತೆ ಬರೆಯಲು ಮೂರು ತಿಂಗಳ ಗಡುವು ಕೊಟ್ಟರು. ಎರಡನೆಯ ಸಲವೂ ಆಗದಿದ್ದರೆ ಪಿಎಚ್‌ಡಿ ಅಲ್ಲಿಗೆ ಮುಗಿಯುತ್ತಿತ್ತು.

ಮುಖ ತೊಳೆದುಕೊಂಡು, ಏನೂ ಆಗದವಳ ಹಾಗೆ ನೀರಿನ ಬಾಟಲಿ ಹಿಡಿದು ಮೇಲೆ ಹೋದೆ. ಆಂಟಿ ತಿರುಗಿ ನೋಡಲಿಲ್ಲ. "ಬೇಕಂತ ನಾ ಕೇಳಿಸಿಕೊಂಡಿಲ್ಲವ್ವಾ. ಆ ಬಿಸಿಗಾಳಿ ಕಿಂಡಿಯೊಳಗಿಂದ ಎಲ್ಲಾ ಮ್ಯಾಲ ಬರ್ತದ. ಹೋಗು, ಆ ಕಾಗದ ತಗೊಂಡು ಬಾ" ಎಂದರು.

ಆಂಟಿಯ ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದು ಕೈ ಆಗಾಗ ಒಲೆಯ ಮೇಲಿನ ಪಲ್ಯಕ್ಕೆ. ಎಲ್ಲೆಲ್ಲಿ ನನ್ನ ದನಿ ಕೇಳಿಸದೋ ಅಲ್ಲಲ್ಲಿ ಚುಕ್ಕೆ. ಆರನೆಯ ಪುಟಕ್ಕೆ ಪೆನ್ಸಿಲ್ ಕೆಳಗಿಟ್ಟರು.

"ಇಷ್ಟೆಲ್ಲಾ ನಿನಗ ಗೊತ್ತದ ಅಂದಮ್ಯಾಲ ಸಂಶೋಧನೆ ಯಾತಕ್ಕ? ಹೋಗಿ ಮಲಕೋ. ಏನು ಗೊತ್ತಿಲ್ಲ, ಅದನ್ನ ಹೇಳು."

ನಾನು ಪುಟಗಳನ್ನು ಹಿಂದೆ ಮುಂದೆ ತಿರುವಿದೆ. ಕೊನೆಗೆ ಹೇಳಿದೆ: "ಚಳಿಗಾಲದಲ್ಲಿ ಹಿಮ ಕರಗೋಕೆ ರಸ್ತೆಗೆ ಉಪ್ಪು ಹಾಕ್ತಾರಲ್ಲ ಆಂಟಿ. ಬೇಸಿಗೇಲಿ ಹಾಕಲ್ಲ. ಆದ್ರೂ ಕೆರೆಗೆ ಬರೋ ನೀರಲ್ಲಿ ಉಪ್ಪು ಇದ್ದೇ ಇರುತ್ತೆ. ಅಷ್ಟು ದಿನ ಅದು ಎಲ್ಲಿರುತ್ತೆ ಅಂತ ಗೊತ್ತಿಲ್ಲ."

"ಹಾಂ. ಇದನ್ನ ಮೊದಲ ಬರಿ."

ಆಮೇಲೆ ಅವರು ಕೇಳುತ್ತ ಹೋದರು. ಎಲ್ಲಿದೆ ಎಂದು ನಿನಗನ್ನಿಸುತ್ತದೆ, ಹೇಗೆ ನೋಡುತ್ತಿ, ಎಷ್ಟು ತಿಂಗಳು ಬೇಕು. ಮಣ್ಣಿನಡಿಯ ನೀರಿನಲ್ಲಿ ಇರಬೇಕು ಎಂದೆ. ಅಲ್ಲಿ ಇರದಿದ್ದರೆ ಏನು ಮಾಡುತ್ತಿ ಎಂದರು. ನಲವತ್ತು ಪುಟಗಳಲ್ಲಿ ಎಲ್ಲಿಯೂ ನಾನು ತಪ್ಪಾಗಿರಬಹುದಾದ ಜಾಗವನ್ನೇ ಬಿಟ್ಟಿರಲಿಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಬರೆಯಲು ಹದಿನೈದು ದಿನ ಹಿಡಿಯಿತು. ಹೊಸ ಪ್ರಪೋಸಲ್ ಹನ್ನೊಂದು ಪುಟವಾಯಿತು, ಪಾಸಾಯಿತು. ಅಂದು ಆಂಟಿ ಶೇಂಗಾ ಹೋಳಿಗೆ ಮಾಡಿದ್ದರು. ಕಿಂಡಿಯಿಂದ ಸುದ್ದಿ ಮೊದಲೇ ಮೇಲೆ ತಲುಪಿತ್ತು. ಫೇಲಾದ ಸಂಗತಿಯನ್ನು ಅವರು ಮತ್ತೆಂದೂ ಎತ್ತಲಿಲ್ಲ, ಯಾರಿಗೂ ಹೇಳಲಿಲ್ಲ. ಅವರ ಆ ಮೌನವನ್ನು ನಾನು ಗುಟ್ಟು ಕಾಯುವುದೆಂದು ತಿಳಿದು, ಆ ಗುಟ್ಟನ್ನು ಅವರಿಗಿಂತ ಚೆನ್ನಾಗಿ ಕಾದೆ.

ಪಾಸಾದ ಪ್ರತಿ ಈಗ ಯಾವ ಕಂಪ್ಯೂಟರಿನಲ್ಲಿದೆಯೋ. ಫೇಲಾದದ್ದು ಮಾತ್ರ ನನ್ನ ಜೊತೆ ಮೂರು ಮನೆ ಬದಲಾಯಿಸಿದೆ.

ಅನನ್ಯ ಕುಕ್ಕರ್ ಕೊಟ್ಟು ಹೋದ ಮರುದಿನ ಬೆಳಿಗ್ಗೆ, ಅವಳು ಕ್ಯಾಂಪಸ್ಸಿಗೆ ಹೊರಡುವ ಮೊದಲೇ, ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ. ಕಾಗದಗಳನ್ನು ಅವಳ ಕೈಗಿಟ್ಟು, "ಇದು ನಂದು. ಫೇಲ್ ಆಗಿದ್ದು" ಎಂದೆ. ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವಳು ನಿಂತಲ್ಲೇ ಪುಟ ತಿರುವಿ, ಈ ಚುಕ್ಕೆ ಇಟ್ಟವರು ಯಾರು ಎಂದು ಕೇಳಿದಳು. ಹೇಳುತ್ತೇನೆ, ಮೊದಲು ನಿನ್ನದನ್ನು ತಾ ಎಂದೆ.

ಅವಳು ಹೆಗಲಿನ ಬ್ಯಾಗ್ ಇಳಿಸಿ ಒಳಗೆ ಹೋದಳು. ನಾನು ಅವಳ ಅಡುಗೆಮನೆಯ ಮೇಜಿನ ಮುಂದೆ ಕೂತು, ಜೇಬಿನಿಂದ ಪೆನ್ಸಿಲ್ ತೆಗೆದೆ.