ಅರ್ಥಿಂಗ್ ಗುಂಡಿಯ ಹಸಿಮಣ್ಣು

ಆ ದಿನ ನಲ್ಲಿ ಬಂದಾಗ ನೀರು ತುಂಬಿಕೊಂಡೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ, ಅರ್ಧ ಉಳಿಯಿತು. ಕೌದಿಯ ಒಂದು ಅಂಚು ಹೊಲಿಯುತ್ತಿದ್ದಾಗ ಗೆಳತಿ ಬಂದಳು. ಅವಳ ಊರು ನಮ್ಮ ನಾರಾಯಣಪೇಟೆಯಿಂದ ಕೋಸಗಿ ಕಡೆ. ಮೊದಲ ಬಸ್ಸಿಗೇ ಹೊರಟಿದ್ದಳು.

ಮಕ್ತಲ್ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಬಾಡಿಗೆಗಿತ್ತು. ಬೋರ್ ಮೋಟಾರಿನ ಸ್ಟಾರ್ಟರು, ಮಿಕ್ಸಿ, ಚಾರ್ಜರು ರಿಪೇರಿ ಮಾಡುವ ಅಂಗಡಿ ಹಾಕಬೇಕೆಂದು ಅವಳ ಆಸೆ. ಆದರೆ ಪ್ರತಿಸಲವೂ "ಇನ್ನೊಂದು ತಿಂಗಳು ನೋಡೋಣ" ಎಂದು ಹಿಂದೆ ಸರಿಯುತ್ತಿದ್ದಳು. ಈಗ ಖೋಲಿಯ ಮಾಲಕರು, ಸಂಜೆಯೊಳಗೆ ಹೇಳದಿದ್ದರೆ ಜೆರಾಕ್ಸ್‌ನವನಿಗೆ ಕೊಡುವುದಾಗಿ ತಿಳಿಸಿದ್ದರು.

ಅವಳು ಕಾಯುತ್ತಿದ್ದದ್ದು ಮುಚ್ಚಿಹೋದ ನಮ್ಮ ಹಳೆಯ ಕಾರ್ಖಾನೆ ಮತ್ತೆ ತೆರೆಯಲೆಂದು. ಮಕ್ತಲ್ ರಸ್ತೆಯಲ್ಲಿ ರೇಡಿಯೋ, ಟಿವಿಗಳ ಒಳಗಿನ ಸರ್ಕಿಟ್ ಹಲಗೆ ತಯಾರಿಸುತ್ತಿದ್ದ ಆ ಕಾರ್ಖಾನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕುಳಿತು ಬೆಸುಗೆ ಹಾಕಿದವರು. ಬಳೆ ಹಲಗೆಗೆ ತಾಗಬಾರದೆಂದು ಮೇಲೆ ಸರಿಸಿ, ಹಳೆ ಸೀರೆಯ ಪಟ್ಟಿ ಸುತ್ತಿಕೊಳ್ಳುತ್ತಿದ್ದೆವು. ನೇಕಾರರ ಮನೆಯ ಹೆಣ್ಣುಮಕ್ಕಳು ಸಣ್ಣ ಬಿಡಿಭಾಗಗಳ ಬಣ್ಣದ ಗೆರೆಗಳನ್ನು ಸೀರೆ ಅಂಚಿನ ಹೆಸರಿನಿಂದಲೇ ಕರೆಯುತ್ತಿದ್ದರು; ಕೊನೆಯ ಬಂಗಾರದ ಗೆರೆ ಎಲ್ಲರಿಗೂ ಜರಿ.

ರಸ್ತೆ ಕಡೆಯ ಗೋಡೆಯ ಬುಡದಲ್ಲಿ ಅರ್ಥಿಂಗ್ ಗುಂಡಿ ಇತ್ತು. ಇದ್ದಿಲು, ಉಪ್ಪು ತುಂಬಿ ನಡುವೆ ತಾಮ್ರದ ಹಲಗೆ ಹೂತಿದ್ದರು. ಕರೆಂಟು ಸೋರಿದರೆ ನಮ್ಮ ಮೈಗೆ ತಾಕದೆ ನೆಲಕ್ಕಿಳಿಯಬೇಕು, ಅದಕ್ಕೆ ಮಣ್ಣು ಹಸಿಯಾಗಿರಬೇಕು. ಮೊದಲು ಬಂದವಳು ಅಲ್ಲಿ ಒಂದು ಕೊಡ ನೀರು ಸುರಿದ ಮೇಲೆಯೇ ಒಳಗೆ ಸ್ವಿಚ್ಚು. ಶುಕ್ರವಾರ ಯಾರಾದರೂ ಅದರ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿರುತ್ತಿದ್ದರು.

ಕಾರ್ಖಾನೆ ಮುಚ್ಚಿದ ಮೇಲೆ ಗೆಳತಿ ಗದ್ವಾಲ್ ಕಡೆ ಹತ್ತಿಬೀಜದ ಹೊಲಗಳಲ್ಲಿ ಹೂವಿಂದ ಹೂವಿಗೆ ಪರಾಗ ಹಚ್ಚುವ ಕ್ರಾಸಿಂಗ್ ಕೆಲಸಕ್ಕೆ ಹೋಗತೊಡಗಿದಳು. ತೆಲಂಗಾಣ ಬೇರೆಯಾದಾಗ, ಇನ್ನು ನಮ್ಮ ಕಡೆಯ ಕಾರ್ಖಾನೆಗಳೆಲ್ಲ ತೆರೆಯುತ್ತವೆ ಎಂದು ಚಹಾದಂಗಡಿಯಲ್ಲೆಲ್ಲ ಮಾತು. ಕೆಲಸಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅವಳಿಗೆ ಆ ಗುಂಡಿ ಕಾಣುತ್ತಿತ್ತು. ಬೇಸಿಗೆಯಲ್ಲೂ ಅಲ್ಲಿ ಹಸಿಮಣ್ಣು. ಸುಮ್ಮಸುಮ್ಮನೆ ಯಾರು ನೀರು ಹಾಕುತ್ತಾರೆ? ಮತ್ತೆ ತೆರೆಯಲೆಂದು ಕಾರ್ಖಾನೆಯ ಮಾಲಕರೇ ಹೇಳಿರಬೇಕು. ಅಂಗಡಿ ಹಾಕಿದ ಮೇಲೆ ಕಾರ್ಖಾನೆ ತೆರೆದರೆ ತನ್ನ ಜಾಗ ಬೇರೆಯವರಿಗೆ ಹೋದೀತೆಂಬ ಹೆದರಿಕೆ ಅವಳದು. ನನಗೂ ಅದು ಸರಿಯೆನಿಸಿತ್ತು.

"ಯಕ್ಕಾ, ಇವತ್ತು ಕೇಳೇ ಬಿಡೋಣ," ಎಂದಳು.

ಇಬ್ಬರೂ ಬಸ್ಸು ಹತ್ತಿ ಹೋದೆವು. ಕಾರ್ಖಾನೆಯ ಗೇಟಿನ ಹತ್ತಿರ ಕಾವಲಿನ ಮುದುಕ ಕಂಬಳಿ ಹಾಸಿ ಕುಳಿತಿದ್ದ, ಹಣೆಯ ಮೇಲೆ ಅರಿಶಿನದ ಭಂಡಾರ. ನಮ್ಮ ಗುರುತು ಹಿಡಿದ. ಊರು, ಮನೆ ವಿಚಾರಿಸಿದ. ಗೆಳತಿ ಗುಂಡಿಯ ಮಾತು ತೆಗೆದಳು.

"ಗುಂಡೀಗೆ ನೀರಾ? ಅದು ನನ್ನ ಜಳಕದ ನೀರವ್ವ. ಕಲ್ಲು ಚಲೋ ಐತಿ, ಅಲ್ಲೇ ಕುಂತು ಮೈ ತೊಳಕೋತೀನಿ. ತಾಮ್ರದ ಹಲಗಿ ಮಶೀನಿನ ಜೋಡೀನೇ ಹೋತಲ್ಲ."

ಗೆಳತಿ ಗುಂಡಿಯ ಕಡೆ ತಿರುಗಿ ನೋಡಿದಳು. "ನಿನ್ನ ಜಳಕ ನಂಬಿ ನಾನು ಇಷ್ಟು ದಿನ ಕುಂತ್ನಲ್ಲೋ ತಾತ."

"ನಾನೇನು ನೋಡಾಕ ಬಾ ಅಂದಿದ್ನೇನು?"

ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಬಾಗಿಲ ಸಂದಿಯಿಂದ ಒಳಗೆ ಹತ್ತಿಬೀಜದ ಚೀಲಗಳು ಕಂಡವು, ಮಾಡಿನವರೆಗೂ. ನಮ್ಮ ಮೇಜುಗಳಿದ್ದ ಕಡೆ ನೆಲದಲ್ಲಿ ಬೋಲ್ಟಿನ ತೂತುಗಳು ಮಾತ್ರ ಉಳಿದಿದ್ದವು. ನಾನು ನೋಡುತ್ತಲೇ ಇದ್ದೆ. ಅವಳು ಆಗಲೇ ರಸ್ತೆಗೆ ಹೋಗಿ ಬಸ್ಸಿಗೆ ಕೈ ಮಾಡುತ್ತಿದ್ದಳು.

ಮಕ್ತಲ್‌ನಲ್ಲಿ ಖೋಲಿಯ ಮಾಲಕರು ಅರಿವೆ ಅಂಗಡಿಯಲ್ಲಿದ್ದರು. "ಹೆಣ್ಮಗಳು ಸ್ಟಾರ್ಟರ್ ಬಿಚ್ಚಿದ್ರ ರೈತ್ರು ನಂಬ್ತಾರೇನ್ರಿ?" ಎಂದು ಕೇಳಿದರು.

"ಅದು ಅವ್ರ ಪಾಡು. ಕೀಲಿಕೈ ಕೊಡ್ರಿ ನೀವು," ಎಂದಳು ಗೆಳತಿ.

ಷಟರು ತುಕ್ಕು ಹಿಡಿದಿತ್ತು. ಇಬ್ಬರೂ ಸೇರಿ ಎತ್ತಿದೆವು. ಕಸ ಹೊಡೆದು ಮುಗಿಸುವಷ್ಟರಲ್ಲಿ ಹೊತ್ತಾಯಿತು. ನಾರಾಯಣಪೇಟೆಗೆ ಬಂದಾಗ ಅವಳ ಊರಿನ ಕೊನೆಯ ಬಸ್ಸು ಹೋಗಿತ್ತು. ನಮ್ಮಲ್ಲೇ ಉಳಿದಳು.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಗೆಳತಿ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ನಮ್ಮಲ್ಲಿ ಮೊದಲು ಮಲಗುವವರು ಅತ್ತೆ. ಅಂದು ಅವರು ಕೆಟ್ಟ ಮಿಕ್ಸಿಗೆ ಏನಾಗಿರುತ್ತದೆ, ಅದನ್ನು ಹೇಗೆ ಬಿಚ್ಚುವುದು ಎಂದು ಅವಳನ್ನು ಒಂದೊಂದೇ ಕೇಳುತ್ತಿದ್ದರು. ಮೂರನೆಯ ಪ್ರಶ್ನೆ ಕೇಳುವಷ್ಟರಲ್ಲಿ ಗೆಳತಿ ನಿದ್ದೆ ಹೋಗಿದ್ದಳು.