ಪರದೆಯ ಹಿಂದೆ ಸುತ್ತುವ ಗೌನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೌನಕ್ಕ ಬಟ್ಟೆ ಅಂಗಡಿಯ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಎಳೆದು ನೋಡಿ, ಎರಡು ಹೆಜ್ಜೆ ಬಂದವರು ಮತ್ತೆ ಹೋಗಿ ಎಳೆಯುತ್ತಾರೆ. ಮುಂಭಾಗದ ಗಾಜಿಗೆ ಹಳೆಯ ಪೇಪರು ಅಂಟಿಸಿಯಾಗಿದೆ. ತಮ್ಮ ಕೆಲಸ ನೋಡಲೆಂದೇ ಬಂದವರನ್ನೂ ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸುತ್ತಾರೆ.

"ಹೇಳೋವರೆಗೂ ಈ ಕಡೆ ತಿರುಗ್ಬೇಡಿ. ನಗು ಬಂದ್ರೆ ಒಳಗೊಳಗೇ ನಕ್ಕೊಳ್ಳಿ."

ಬೆನ್ನ ಹಿಂದೆ ಮೊದಲು ಬಟ್ಟೆಯ ಸರಬರ ಸದ್ದು, ಆಮೇಲೆ ಬರಿಗಾಲಿನ ಸದ್ದು. ಯಾರೋ ದೊಡ್ಡ ಕೊಡೆಯನ್ನು ಪಟ್ಟನೆ ಬಿಚ್ಚಿದ ಹಾಗೆ ಒಂದು ಗಾಳಿ ಬಂದು ಕತ್ತಿಗೆ ತಾಗುತ್ತದೆ. ಐವತ್ತು ದಾಟಿದ, ಕಡ್ಡಿಯಂಥ ಹೆಂಗಸೊಬ್ಬರು ಯಾರದೋ ಗೌನು ತೊಟ್ಟು ಕನ್ನಡಿಯ ಮುಂದೆ ಗಿರ್ರನೆ ತಿರುಗುತ್ತಿದ್ದಾರೆ. ಅವರ ಕೆಲಸದಲ್ಲಿ ಅರ್ಧ ಇದು. ಉಳಿದರ್ಧ ಹೊಲಿಗೆ; ಕೇರಿಯವರು ಗೌನಕ್ಕ ಎನ್ನುವುದು ಅದಕ್ಕೇ.

ಅಂಗಡಿಯ ಮುಂದಿನ ಕೋಣೆಯಲ್ಲಿ ಗಾಜು, ದೀಪ, ಸೋಫಾ. ಹಿಂದಿನ ಕೋಣೆಯಲ್ಲಿ ಮೂರು ಮಿಷನ್ನು, ಇಸ್ತ್ರಿ ಮೇಜು, ಮೊಣಕಾಲವರೆಗೆ ಚಿಂದಿ. ನಡುವೆ ಒಂದು ಪರದೆ. ಗಿರಾಕಿಗಳು ಮುಂದೆ ಕೂತು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಂಗಡಿಯ ಒಡತಿ ಪರದೆ ಸರಿಸಿ ಹಾಗೇ ಒಳಗೆ ಎಸೆಯುತ್ತಾರೆ. ಒಂದಕ್ಕೆ ಫ್ಲೋ ಬೇಕಂತೆ, ಇನ್ನೊಂದು ಟ್ವರ್ಲ್ ಆಗಬೇಕಂತೆ, ಆ ನೀಲಿಯದು ಸ್ವರ್ಲ್ ಆದರೆ ಸಾಕಂತೆ. ಹೊಸದರಲ್ಲಿ ಗೌನಕ್ಕನಿಗೆ ಇವೆಲ್ಲ ಒಂದೇ ಸುತ್ತು. ಎಲ್ಲದಕ್ಕೂ ಗೋಣು ಆಡಿಸಿ, ಹೊಲಿದು, ಬೈಸಿಕೊಂಡು, ಬಿಚ್ಚಿ, ಮತ್ತೆ ಹೊಲಿದು ಒಂದೊಂದಾಗಿ ದಕ್ಕಿಸಿಕೊಂಡಿದ್ದಾರೆ.

"ಫ್ಲೋ ಅಂದ್ರೆ ಸುಮ್ನೆ ನಡ್ಕೊಂಡು ಹೋಗೋವಾಗ ಬಟ್ಟೆ ಹಿಂದೆ ಹಿಂದೆ ಬರೋದು. ಟ್ವರ್ಲ್ ಅಂದ್ರೆ ಹುಡುಗಿ ತಿರುಗೋದು. ಸ್ವರ್ಲ್ ಅಂದ್ರೆ ಹುಡುಗಿ ನಿಂತ್ಮೇಲೂ ಬಟ್ಟೆ ಇನ್ನೂ ತಿರುಗ್ತಾ ಇರೋದು. ಅದೇ ಕಷ್ಟ ನೋಡಿ."

ಕೊಳಾಯಿ ರಿಪೇರಿ ಮಾಡುವ ಗಂಡನಿಗೆ ಈ ಮಾತುಗಳೆಂದರೆ ತಮಾಷೆ. ನೀನು ಬಟ್ಟೆಯಲ್ಲಿ ಫ್ಲೋ ತರಿಸುತ್ತೀಯ, ನನಗೆ ನಲ್ಲಿಯಲ್ಲೇ ತರಿಸಲಾಗುತ್ತಿಲ್ಲ ಎನ್ನುತ್ತಾರಂತೆ. ಮನೆಯಲ್ಲಿ ಲೋಟದಲ್ಲಿ ಸಕ್ಕರೆ ಕಲಕುವುದಕ್ಕೂ ಈಗ ಸ್ವರ್ಲ್ ಎಂದೇ ಹೆಸರು.

ಸ್ವರ್ಲ್ ಬರಬೇಕಾದರೆ ಬಟ್ಟೆಯನ್ನು ನೇರಕ್ಕಲ್ಲ, ಓರೆಯಾಗಿ ಕತ್ತರಿಸಬೇಕು. ಹಾಗೆ ಕತ್ತರಿಸಿದ್ದು ತನ್ನ ಭಾರಕ್ಕೆ ತಾನೇ ಒಂದೊಂದು ಕಡೆ ಜೋಲುತ್ತದೆ. ಒಂದು ಗೌನಿನ ಅಂಚನ್ನು ಬಿಡಿಸಿ ಹಿಡಿದರೆ ಹಿಂದಿನ ಕೋಣೆಯ ನಾಲ್ಕೂ ಗೋಡೆಗೆ ಒಂದು ಸುತ್ತು ಬರುತ್ತದೆ. ಅಷ್ಟುದ್ದದಲ್ಲಿ ಎಲ್ಲಿ ಜೋಲಿದೆ, ಒಳಗಿನ ಲೈನಿಂಗ್ ಎಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ ಎನ್ನುವುದು ತೊಟ್ಟು ತಿರುಗಿದರೆ ಮಾತ್ರ ಗೊತ್ತಾಗುವುದು. ಬೊಂಬೆಗೆ ಹಾಕಿದರೆ ಆಗದೇ? "ಬೊಂಬೆಗೆ ಕಾಲೆಲ್ಲಿದೆ?" ಎನ್ನುತ್ತಾರೆ ಗೌನಕ್ಕ. ನಿಮ್ಮ ಮೈಗೆ ಯಾವ ಅಳತೆಯಾದರೂ ಆಗುತ್ತದೆ, ನೀವೇ ಹಾಕಿಕೊಂಡು ನೋಡಿಬಿಡಿ ಎಂದು ಮೊದಲು ಹೇಳಿದವರು ಒಡತಿಯೇ. ಸಡಿಲವಾದರೆ ಬೆನ್ನಿಗೆ ಪಿನ್ನು ಹಾಕಿಕೊಂಡರಾಯಿತು. ಆಳೆತ್ತರದ ಕನ್ನಡಿ ಇರುವುದು ಮುಂದಿನ ಕೋಣೆಯಲ್ಲಿ ಮಾತ್ರ. ಹಾಗಾಗಿ ಗಿರಾಕಿಗಳು ಬರುವ ಮೊದಲೇ, ದಿನಕ್ಕೆ ಎರಡೋ ಮೂರೋ ಗೌನು, ಈ ಹೊತ್ತಿನಲ್ಲಿ. ಹೀಗೆ ಎಷ್ಟೋ ವರ್ಷ ನಡೆಯಿತು. ಆಗ ಗಾಜಿಗೆ ಪೇಪರಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಒಬ್ಬ ಗಿರಾಕಿ ಹೇಳಿದ್ದಕ್ಕಿಂತ ಬೇಗ ಬಂದರು. ಗಾಜಿನಾಚೆ ನಿಂತು ನೋಡಿದರೆ, ತಮ್ಮದೇ ಗೌನು ತೊಟ್ಟು ಯಾರೋ ಒಳಗೆ ಸುತ್ತುತ್ತಿದ್ದಾರೆ. ಒಡತಿ ಓಡಿ ಬಂದರು. ತನಗಿದು ಗೊತ್ತೇ ಇರಲಿಲ್ಲ, ಹಿಂದಿನ ಕೋಣೆಯವರು, ಏನೋ ಆಸೆಪಟ್ಟು ಹಾಕಿಕೊಂಡುಬಿಟ್ಟಿದ್ದಾರೆ ಎಂದರು. ಕೌಂಟರಿನಲ್ಲಿದ್ದ ಹುಡುಗಿ ನಯವಾದ ಇಂಗ್ಲಿಷಿನಲ್ಲಿ ಗಿರಾಕಿಯನ್ನು ಸಮಾಧಾನ ಮಾಡಿದಳು. ಆಕೆ ಬರೀ ಹೆಲ್ಪರು, ಹೊಸಬರು, ಇನ್ನು ಮುಂದೆ ಹೀಗಾಗುವುದಿಲ್ಲ. ಅಷ್ಟು ಇಂಗ್ಲಿಷು ಗೌನಕ್ಕನಿಗೆ ಅರ್ಥವಾಗುತ್ತದೆ.

ಕೌಂಟರಿನ ಆ ಹುಡುಗಿ ಗೌನಕ್ಕನ ಮಗಳು. ಅಂಗಡಿಯಲ್ಲಿ ಅವಳೂ ಎಲ್ಲರಂತೆ ಅಮ್ಮನನ್ನು ಆಂಟಿ ಎಂದೇ ಕರೆಯುತ್ತಾಳೆ. ಒಡತಿಗೆ ಅದೇ ಇಷ್ಟ.

ಗೌನು ಬಿಚ್ಚಿ ಕೊಡಬೇಕಲ್ಲ. ಪರದೆಯ ಹಿಂದೆ ಹೋದರೆ ಜಿಪ್ಪು ಸಿಕ್ಕಿಹಾಕಿಕೊಂಡು ಕೂತಿತು. ಮಗಳೇ ಬಂದು ಬೆನ್ನಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಬಾಯಲ್ಲಿ ಕಚ್ಚಿಕೊಂಡು ಜಿಪ್ಪು ಎಳೆದಳು. ಅವಳ ಕೈ ತಣ್ಣಗಿತ್ತಂತೆ. ಇಬ್ಬರೂ ಕನ್ನಡಿಯಿಲ್ಲದ ಆ ಗೋಡೆಯನ್ನೇ ನೋಡುತ್ತಿದ್ದರು.

"ಕೆಲ್ಸ ಹೋಗಿದ್ರೂ ಇಷ್ಟು ನಾಚಿಕೆ ಆಗ್ತಿರ್ಲಿಲ್ಲ. ಆಸೆ ಅಂದ್ಬಿಟ್ರು," ಎನ್ನುತ್ತಾರೆ ಗೌನಕ್ಕ. ಆಮೇಲೆ ದನಿ ತಗ್ಗಿಸುತ್ತಾರೆ. "ನಿಜ ಹೇಳ್ಬೇಕಂದ್ರೆ ಒಂಚೂರು ಆಸೆನೂ ಇತ್ತು. ಒಂದು ಸುತ್ತಿಗೆ ಗೊತ್ತಾಗೋದನ್ನ ಎರಡು ಸುತ್ತು ತಿರುಗ್ತಿದ್ದೆ. ಅದಕ್ಕೇ ಅವತ್ತು ಬಾಯಿ ಬರ್ಲಿಲ್ಲ."

ಅವತ್ತಿನಿಂದ ತೊಡುವುದನ್ನು ಬಿಟ್ಟರು. ಬರೀ ಟೇಪು ಹಿಡಿದು ಅಂಚು ಕತ್ತರಿಸಿದರು. ಹೋದ ಗೌನುಗಳು ವಾಪಸು ಬರತೊಡಗಿದವು. ಒಂದು ಗೋಣಿಚೀಲದ ಹಾಗೆ ನೇತಾಡುತ್ತದೆ ಎಂದು, ಒಂದು ನಡೆದರೆ ಕಾಲಿಗೆ ತೊಡರುತ್ತದೆ ಎಂದು. ಒಡತಿ ಒಂದು ದಿನ ಪರದೆಯ ಆಚೆಯಿಂದಲೇ, ಮೊದಲಿನ ಥರ ನೋಡಿಬಿಡಿ ಎಂದರು. ಮುಖ ತೋರಿಸಲಿಲ್ಲ. ಮಾರನೆಯ ದಿನದಿಂದ ಬೆಳಗಿನ ಹೊತ್ತು ಗಾಜಿಗೆ ಪೇಪರು ಬಂತು. ಅಂಟಿಸಿದವಳು ಮಗಳು.

ಮನೆಯಲ್ಲಿ ಅವಳು ಅಮ್ಮನ ಹತ್ತಿರ ಆ ದಿನದ ಸುದ್ದಿ ಎತ್ತಿದವಳಲ್ಲ. ಅಮ್ಮನೂ ಕೇಳಲಿಲ್ಲ. ಕೇಳಿದರೆ ಅವಳು ತಲೆ ತಗ್ಗಿಸುವುದನ್ನು ನೋಡಬೇಕಾಗುತ್ತದೆ, ಅದು ತನ್ನಿಂದಾಗದು ಎನ್ನುತ್ತಾರೆ ಗೌನಕ್ಕ.

ಹೋದ ವಾರ ಒಬ್ಬ ಗಿರಾಕಿ ಬಂದು ಹಸಿರು ಗೌನೊಂದನ್ನು ಮೆಚ್ಚಿದರು. ಕನ್ನಡಿಯ ಮುಂದೆ ಹಿಡಿದು ನೋಡಿ, ಇದು ನಿಜಕ್ಕೂ ಸ್ವರ್ಲ್ ಆಗುತ್ತದೆಂದು ಹೇಗೆ ನಂಬುವುದು ಎಂದು ಕೇಳಿದರು. ಕೌಂಟರಿನಿಂದ ಕನ್ನಡದಲ್ಲೇ ಉತ್ತರ ಬಂತು, ಒಳಗಿನ ಮಿಷನ್ನಿನ ಸದ್ದನ್ನು ದಾಟಿ ಕೇಳಿಸುವಷ್ಟು ಜೋರಾಗಿ.

"ನಮ್ಮಮ್ಮ ಹಾಕ್ಕೊಂಡು ತಿರುಗಿ ನೋಡಿದಾರೆ ಮೇಡಂ. ಒಳಗೇ ಇದಾರೆ."

ಗೌನಕ್ಕನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ನೆಲ ಬಾಯಿ ಬಿಟ್ಟರೆ ಮಿಷನ್ನಿನ ಸಮೇತ ಇಳಿದು ಹೋಗೋಣ ಅನ್ನಿಸಿತಂತೆ. ಪರದೆಯ ಸಂದಿಯಲ್ಲಿ ಕಂಡದ್ದಿಷ್ಟು: ಗಿರಾಕಿ ಗೌನಿನ ಕತ್ತಿನ ಪಟ್ಟಿಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದರು, ಮೆಲ್ಲಗೆ ಕೌಂಟರಿನ ಮೇಲಿಟ್ಟರು, ಹೊರಟುಹೋದರು. ಒಡತಿ ಬಿಲ್ಲಿನ ಪುಸ್ತಕವನ್ನು ರಪ್ಪನೆ ಮುಚ್ಚಿದರು. ಮಗಳು ಗೌನನ್ನು ಎತ್ತಿ, ಅಂಚು ಕೊಡವಿ, ಗಾಜಿನ ಪಕ್ಕದಲ್ಲೇ ತೂಗುಹಾಕಿದಳು.

ಮಗಳ ಕೆಲಸಕ್ಕೆ ಕುತ್ತು ಬರಬಹುದೇ? ಬರಬಹುದು ಎನ್ನುತ್ತಾರೆ ಗೌನಕ್ಕ. ಗೋಡೆಯ ಕಡೆ ನಿಂತವರಿಗೆ ಈಗ ತಿರುಗಲು ಅಪ್ಪಣೆ ಸಿಗುತ್ತದೆ. ಗೌನಕ್ಕ ಆಗಲೇ ತಮ್ಮ ಮಾಸಿದ ಬಟ್ಟೆಯಲ್ಲಿ ನೆಲದ ಮೇಲೆ ಕೂತು, ಬಿಚ್ಚಿಟ್ಟ ಗೌನಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಾರೆ. ಹಸಿರು ಗೌನು ಇನ್ನೂ ಅಲ್ಲೇ ನೇತಾಡುತ್ತಿದೆ. ಅದರ ಕಡೆ ಕತ್ತೆತ್ತಿ ನೋಡಿ ಹೇಳುತ್ತಾರೆ:

"ಅದು ಚೆನ್ನಾಗಿ ಬಂದಿತ್ತು ಕಣ್ರೀ. ನಾನು ನಿಂತ್ಮೇಲೂ ತಿರುಗ್ತಾನೇ ಇತ್ತು. ಯಾರಾದ್ರೂ ತಗೊಂಡ್ಹೋಗಿ ತಿರುಗ್ಲಿ. ಎಲ್ಲರ ಮುಂದೆ ತಿರುಗ್ಲಿ."