ಖಾಲಾ ಇಟ್ಟುಹೋದ ತಂಬಿಗೆ

ನಮ್ಮ ಸೀಮೆಯ ಅತಿಥಿ ಸತ್ಕಾರವನ್ನು ಯಾರಾದರೂ ಹೊಗಳಲು ಶುರು ಮಾಡಿದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಈಗ ವಯಸ್ಸಾಗಿದೆ, ಜಗಳಾಡುವ ಕಸುವಿಲ್ಲ. ಕಸುವಿದ್ದಾಗ ಬೇಕಾದಷ್ಟು ಜಗಳಾಡಿದ್ದೇನೆ. ಹಾದಿಯಲ್ಲಿ ಹೋಗುವವನನ್ನು ಕೈ ಹಿಡಿದು ಎಳೆದು ಉಣ್ಣಿಸುವ ಮಂದಿ ನಾವು ಎಂದು ಒಬ್ಬ ಹಿರಿಯರು ನನ್ನೆದುರೇ ಎದೆ ತಟ್ಟಿಕೊಂಡಾಗ, ಹೌದು, ನೀವು ಕೈ ಹಿಡಿದರೆ ಬಿಡಿಸಿಕೊಳ್ಳುವುದೇ ಕಷ್ಟ ಎಂದಿದ್ದೆ. ಅವರಿಗೆ ತಿಳಿಯಲಿಲ್ಲ. ನಕ್ಕರು.

ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ನಾವು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವು, ನಿಜಾಮನ ಆಳ್ವಿಕೆ ಮಾತ್ರ ಮುಗಿದಿತ್ತು. ಕಚೇರಿಗಳಲ್ಲಿ ಉರ್ದು ಹೋಗಿ ಮರಾಠಿ ಬಂದು ಕೂತಿತ್ತು. ಉರ್ದುವಿನಲ್ಲಿ ಓದಿದ ನಾನು ದಾಳಿಂಬದ ನಮ್ಮ ಹೊಲದಲ್ಲಿ ಜೋಳಕ್ಕೆ ಹಕ್ಕಿ ಕಾಯುತ್ತ ಕೂತಿದ್ದೆ. ಆಗ ಬಸ್ಸಿನ ಡ್ರೈವರನೊಬ್ಬ ಉದಗೀರದಿಂದ ಬಾಯಿಮಾತಿನ ಸುದ್ದಿ ತಂದ. ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂಡುತ್ತಿದ್ದ ದೋಸ್ತ ತಾಯಿಯನ್ನು ಕರೆದುಕೊಂಡು ಹೈದರಾಬಾದಿಗೆ, ಅಲ್ಲಿಂದ ಕರಾಚಿಗೆ ಹೋಗುತ್ತಿದ್ದಾನೆ. ಈ ವಾರವೇ ಹೊರಡುತ್ತಾರೆ. ಅದಕ್ಕೆ ಮೊದಲು ಒಮ್ಮೆ ಬಂದು ಮುಖ ತೋರಿಸು ಅಂದಿದ್ದಾರೆ. ಬಂದೇ ಬರುತ್ತೇನೆ ಎಂದು ಅದೇ ಡ್ರೈವರನ ಕೈಯಲ್ಲಿ ಹೇಳಿ ಕಳಿಸಿದೆ.

ಆ ತಾಯಿಯನ್ನು ನಾನು ಖಾಲಾ ಎಂದು ಕರೆಯುತ್ತಿದ್ದೆ. ಉದಗೀರದಲ್ಲಿ ಓದುವಾಗ ನನ್ನ ಖೋಲಿ ಅವರ ಮನೆಯ ಎದುರಿಗೇ ಇತ್ತು. ಅಪ್ಪ ನನ್ನನ್ನು ಅಲ್ಲಿ ಬಿಡುವಾಗ ಒಂದೇ ಕಟ್ಟಳೆ ಹಾಕಿದ್ದರು: ಆ ಮನೆಯ ನೀರು ಕುಡಿಯಬಾರದು. ಅದು ಖಾಲಾಗೆ ಹೇಗೋ ತಿಳಿಯಿತು. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಪೇಟೆಯಿಂದ ಒಂದು ಹೊಸ ತಾಮ್ರದ ತಂಬಿಗೆ ತರಿಸಿ, ನಮ್ಮ ಜಾತಿಯ ನೆರೆಮನೆ ಅಜ್ಜಿಯ ಕೈಯಿಂದ ದಿನಾ ನೀರು ತುಂಬಿಸಿ, ಪಡಸಾಲೆಯ ಗೂಡಿನಲ್ಲಿ ಇಡಿಸುತ್ತಿದ್ದಳು. ಮನೆಯವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಬಿಸಿಲಿನಿಂದ ಬಂದರೆ, "ಬೇಟಾ, ತುಮಾರಾ ಪಾನಿ ವ್ಹಾಂ ಹೈ" ಎಂದು ದೂರದಿಂದಲೇ ಬೆರಳು ಮಾಡಿ ತೋರಿಸುತ್ತಿದ್ದಳು. ತನ್ನ ಮನೆಯಲ್ಲೇ ತಾನು ಮುಟ್ಟಬಾರದ ಒಂದು ಪಾತ್ರೆಯನ್ನು ನನಗಾಗಿ ಇಟ್ಟುಕೊಂಡಿದ್ದಳು ಆ ಹೆಂಗಸು.

ಪೊಲೀಸ್ ಆಕ್ಷನ್ ಆದ ವಾರ ಆಕೆಯ ಗಂಡ ಮನೆಯಿಂದ ಹೊರಗೆ ಹೋದವರು ತಿರುಗಿ ಬರಲಿಲ್ಲ. ಅದರ ಬಗ್ಗೆ ಉದಗೀರದಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಈಗಲೂ ಆಡುವುದಿಲ್ಲ.

ಸೈಕಲ್ ಹತ್ತುವಾಗ ನಾನು ಒಂದನ್ನು ಗಟ್ಟಿ ಮಾಡಿಕೊಂಡಿದ್ದೆ. ಈ ಸಲ ಖಾಲಾನ ಮನೆಯ ಗಿಲಾಸಿನಲ್ಲಿ, ಖಾಲಾನ ಕೈಯಿಂದ, ಅವರ ಕೊಡದ ನೀರು ಕುಡಿಯಬೇಕು. ಅವಳು ಈ ನೆಲ ಬಿಡುವ ಮೊದಲು ಅದೊಂದು ಆಗಬೇಕು. ಬೇರೆ ಯಾವ ಕೆಲಸವೂ ನನಗೆ ಉದಗೀರದಲ್ಲಿ ಇರಲಿಲ್ಲ.

ಉಮರ್ಗಾ ದಾಟಿ ಬಡಗಣ ಹಾದಿ ಹಿಡಿದೆನೋ ಇಲ್ಲವೋ, ಸತ್ಕಾರ ಶುರುವಾಯಿತು. ಸೀತನಿಯ ದಿನಗಳು. ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಹಾಕಿ ಹಸಿ ಜೋಳದ ತೆನೆ ಸುಡುತ್ತಿದ್ದವರು ನನ್ನ ಸೈಕಲ್ಲಿಗೆ ಅಡ್ಡ ನಿಂತರು. ಒಬ್ಬ ಹ್ಯಾಂಡಲ್ ಹಿಡಿದೇಬಿಟ್ಟ.

"ಥಾಂಬಾ ಥಾಂಬಾ! ಸೀತನಿ ತಿನ್ಲಾರ್ದ ಎಲ್ಲಿ ಹೊಂಟೀರಿ?"

"ಉದಗೀರಕ್ಕ ಹೋಗೂದದ ರೀ, ಲಗೂ ಹೋಗ್ಬೇಕು."

"ಉದಗೀರ ಏನ್ ಓಡಿ ಹೋಗ್ತದೇನ್ರಿ? ಕೂಡ್ರಿ. ಯಾ ಮಂದೀ ನೀವು?"

ಜಾತಿ ಹೇಳಿದೆ. ಆಮೇಲೆ ಬೊಗಸೆ ತುಂಬ ಬಿಸಿ ಕಾಳು ಬಿತ್ತು. ಮೊದಲು ಜಾತಿ, ಆಮೇಲೆ ಕಾಳು. ಆ ಕ್ರಮ ತಪ್ಪಿದ್ದನ್ನು ನಾನು ನೋಡಿಲ್ಲ. ಉದಗೀರದಲ್ಲಿ ಯಾರಿದ್ದಾರೆ ಎಂದು ಕೇಳಿದರು. ಹೇಳಿದೆ. ಹ್ಯಾಂಡಲ್ ಹಿಡಿದವನು ಕೈ ಒರೆಸಿಕೊಳ್ಳುತ್ತ, "ಅವರ ಸಲುವಾಗಿ ಇಷ್ಟ ದೂರಾ?" ಎಂದ. ಬಾಯಲ್ಲಿದ್ದ ಕಾಳು ನುಂಗಿ ಎದ್ದೆ. ಯಾರೂ ತಡೆಯಲಿಲ್ಲ.

ಸಂಜೆಗೆ ನಿಲಂಗಾ ಮುಟ್ಟಿದೆ. ಅಲ್ಲಿ ನಮ್ಮ ಮೂರನೆಯ ದೋಸ್ತನಿದ್ದ. ಉದಗೀರದ ಶಾಲೆಯಲ್ಲಿ ನಾವು ಮೂವರೂ ಒಂದೇ ಬೆಂಚು. ಈತ ನಮ್ಮವನೇ, ಹೊಲಮನೆ ಗಟ್ಟಿ, ಹಣೆ ತುಂಬ ಇಬತ್ತಿ, ಬಾಯಿ ತುಂಬ ವಚನ. ನನ್ನನ್ನು ಕಂಡು ಅವನಿಗಾದ ಸಂತೋಷ ಸುಳ್ಳಲ್ಲ. ಬಿಸಿನೀರು ಕಾಸಿಸಿದ, ಹಾಸಿಗೆ ಹಾಸಿಸಿದ. ಬೆಳಗಾಗುತ್ತಲೇ ಹೊರಡುತ್ತೇನೆ, ನೀನೂ ಬಾ, ಇಬ್ಬರೂ ಹೋಗಿ ಖಾಲಾನನ್ನು ನೋಡೋಣ ಎಂದೆ.

"ನಾ ಹೆಂಗ ಬರ್ಲಿ? ಯಳವಸ ಬಂತು. ಅವರು ಹೋಗೂದು ಯಳವಸ ಆದಮ್ಯಾಲೇ, ನನಗ ಪಕ್ಕಾ ಗೊತ್ತದ. ಎರಡ ದಿನಾ ಇಲ್ಲೇ ಇರು" ಎಂದ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಯಳವಸ ಅನ್ನುತ್ತಾರೆ. ಊರಿಗೆ ಊರೇ ಹೊಲಕ್ಕೆ ಹೋಗಿ, ಹಸಿ ಜೋಳದ ಕಣಿಕೆಯ ಗುಡಿಸಲು ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹಸಿ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಹಬ್ಬ. ಅವತ್ತು ಹಾದಿಯಲ್ಲಿ ಕಂಡವರನ್ನೆಲ್ಲ ಹೊಲಕ್ಕೆ ಕರೆಯಬೇಕು. ನಾವು ಓದುವಾಗ ಖಾಲಾನ ಮಗನೂ ಇದೇ ಹೊಲಕ್ಕೆ ಬಂದು ಇದೇ ಅಂಬಲಿ ಕುಡಿದು ಹೋಗುತ್ತಿದ್ದ. ಆದರೂ ನಾನು ಇರುವುದಿಲ್ಲ ಎಂದೆ.

ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ನನ್ನ ಚಪ್ಪಲಿ ಇಲ್ಲ.

ಹೊರಟ ಬೀಗರ, ದೋಸ್ತರ ಚಪ್ಪಲಿ ಬಚ್ಚಿಡುವುದು ನಮ್ಮಲ್ಲಿ ಹಳೆಯ ಚೇಷ್ಟೆ. ಬರಿಗಾಲಲ್ಲಿ ಅತಿಥಿ ಹೊರಟರೆ ಮನೆಗೆ ಅವಮಾನ. ಆದ್ದರಿಂದ ಚಪ್ಪಲಿ ಸಿಗದವನು ಉಳಿಯಲೇಬೇಕು. ಉಳಿದವನು ನಗಲೂ ಬೇಕು, ಸಿಟ್ಟು ಮಾಡಿದರೆ ಅವನೇ ಸಣ್ಣ ಮನುಷ್ಯ. ದೋಸ್ತನ ಹೆಂಡತಿ ಬಾಗಿಲ ಮರೆಯಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಹುಡುಕ್ರಿ ಅಣ್ಣಾರ, ಸಿಕ್ರ ಹೋಗ್ರಿ!" ನಾನು ಹುಡುಕಿದೆ. ದನದ ಕೊಟ್ಟಿಗೆ, ಹಿತ್ತಿಲು, ಒಲೆಯ ಹಿಂದೆ. ಮನೆಯವರೆಲ್ಲ ನನ್ನ ಹಿಂದೆ ಹಿಂದೆ ಬಂದು ನಕ್ಕರು. ನಾನೂ ನಕ್ಕೆ.

ಮರುದಿನ ಯಳವಸ. ಎತ್ತಿನ ಗಾಡಿಯಲ್ಲಿ ಕೂರಿಸಿ ಹೊಲಕ್ಕೆ ಒಯ್ದರು. ಭಜ್ಜಿಯ ಮೇಲೆ ಭಜ್ಜಿ ಸುರಿದರು, ಸಾಕು ಎಂದು ಅಡ್ಡ ಹಿಡಿದ ಕೈಯ ಮೇಲೂ ಸುರಿದರು. ಉಂಡು ಗುಡಿಸಲ ನೆರಳಿನಲ್ಲಿ ಒರಗಿದಾಗ ಖಾಲಾನ ಮಾತು ತೆಗೆದೆ. ಆಕೆಗೆ ಹೋಗಬೇಡ ಎಂದು ಹೇಳೋಣ, ನಾವಿಬ್ಬರೂ ನಿಂತು ಹೇಳಿದರೆ ಕೇಳಿಯಾಳು ಎಂದೆ. ದೋಸ್ತ ಹಲ್ಲಿಗೆ ಕಡ್ಡಿ ಹಾಕುತ್ತ ಆಕಾಶ ನೋಡಿದ.

"ಹೋಗ್ಲಿ ಬಿಡೋ. ಅವರ ದೇಶಾ ಅವರಿಗಿ ಸಿಕ್ಕದ."

"ಯಾರ ದೇಶಾ? ಆಕಿ ಉದಗೀರದಾಗ ಹುಟ್ಟ್ಯಾಳ. ಉದಗೀರ ಬಿಟ್ಟು ಬೀದರ ನೋಡಿಲ್ಲ."

"ನಿನಗ ಸಿಟ್ಟು ಭಾಳ" ಎಂದು ನಕ್ಕ. "ಇನ್ನೊಂದು ರೊಟ್ಟಿ ತಿನ್ನು."

ಕಂಡವರನ್ನೆಲ್ಲ ಕರೆದು ಉಣ್ಣಿಸುವ ಹಬ್ಬದ ದಿನ, ಪಾಂಡವರ ಕಲ್ಲಿನ ಎದುರು ಕೂತು ಅವನು ಆಡಿದ ಮಾತು ಇದು. ವನವಾಸ ಹೋದವರನ್ನು ಪೂಜಿಸುತ್ತಾರಂತೆ! ಆ ರೊಟ್ಟಿಯನ್ನು ಅವನ ಮುಖಕ್ಕೆ ಎಸೆಯದೆ ಬಿಟ್ಟೆನಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಮರುದಿನ ನಸುಕಿನಲ್ಲಿ ಚಪ್ಪಲಿ ತಾವಾಗಿಯೇ ಬಾಗಿಲಿಗೆ ಬಂದಿದ್ದವು. ಜೋಳದ ಕಣಜದಲ್ಲಿ ಇದ್ದವಂತೆ. ಹಿಟ್ಟಿನಂಥ ಧೂಳು ಕೊಡವಿ ಹಾಕಿಕೊಂಡು, ಹಿಂದೆ ತಿರುಗಿ ನೋಡದೆ ಹೊರಟೆ.

ಔರಾದ ಶಹಾಜನಿ ದಾಟಿ ಮಾಂಜ್ರಾ ನದಿಗೆ ಬಂದಾಗ ಬಿಸಿಲು ಏರಿತ್ತು. ನೀರು ಸೊಂಟದ ತನಕ ಇತ್ತು. ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಗಂಡ ಹೆಂಡತಿ ಇದ್ದರು. ಆತನ ಹಣೆಯಲ್ಲಿ ಬೀರಪ್ಪನ ಭಂಡಾರ ಬೆವರಿಗೆ ಇಳಿದು ಮೂಗಿನ ತನಕ ಹಳದಿಯಾಗಿತ್ತು. ಸೈಕಲ್ ಹಿಡಿದು ನಿಂತ ನನ್ನನ್ನು ನೋಡಿ ಕೇಳಿದ:

"ಗಡಬಡಿ ಭಾಳ ಕಾಣ್ತದಲ್ಲ. ಎಲ್ಲಿಗಿ?"

"ಉದಗೀರಕ್ಕ. ದೋಸ್ತನ ತಾಯಿ ಊರು ಬಿಡ್ಲಾಕತ್ತಾಳ. ನೋಡ್ಬೇಕು."

ಯಾವ ಮಂದಿ ಎಂದು ಆತ ಕೇಳಲಿಲ್ಲ, ನನ್ನದನ್ನೂ ಇಲ್ಲ, ಆಕೆಯದನ್ನೂ ಇಲ್ಲ. ಧೋತರ ಕಟ್ಟಿ, ಸೈಕಲ್ಲನ್ನು ತಲೆಯ ಮೇಲೆ ಹೊತ್ತು ನೀರಿಗೆ ಇಳಿದೇಬಿಟ್ಟ. ಹೆಂಡತಿ ಎರಡು ರೊಟ್ಟಿ, ಚಟ್ನಿ ಅರಿವೆಯಲ್ಲಿ ಕಟ್ಟಿ ನನ್ನ ಹೆಗಲಿಗೆ ಹಾಕಿ, "ಇಲ್ಲಿ ಕುಂತ ತಿನಬ್ಯಾಡ ತಮ್ಮಾ, ಹಾದೀ ಮ್ಯಾಲ ತಿನ್ನು, ನಡೀ" ಎಂದಳು. ಇಡೀ ಪ್ರಯಾಣದಲ್ಲಿ ನನ್ನನ್ನು ನನ್ನ ಹಾದಿಗೆ ಬಿಟ್ಟವರು ಅವರಿಬ್ಬರೇ.

ಉದಗೀರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಓಣಿ ಅದೇ, ಬಾಗಿಲು ಅದೇ. ಬಾಗಿಲಿಗೆ ಮಾತ್ರ ಮಾವಿನ ತೋರಣ ಕಟ್ಟಿತ್ತು, ಹೊಸ್ತಿಲಿಗೆ ಅರಿಶಿನ ಬಳಿದಿತ್ತು. ಹೊರಗೆ ಬಂದ ಹೆಂಗಸಿಗೆ ಖಾಲಾನ ಹೆಸರು ಹಿಡಿದು ಕೇಳಿದೆ.

"ಅವರು ನಿನ್ನಿ ಮಧ್ಯಾಹ್ನದ ಗಾಡಿಗಿ ಹ್ವಾದ್ರು ರೀ. ಬರ್ರಿ, ಬಿಸಲಾಗ ಬಂದೀರಿ, ಒಳಗ ಬರ್ರಿ, ಕೂಡ್ರಿ."

ನಿನ್ನೆ ಮಧ್ಯಾಹ್ನ. ನಾನು ಭಜ್ಜಿ ಉಣ್ಣುತ್ತಿದ್ದೆ.

ಒಳಗೆ ಹೋಗಿ ಕೂತೆ. ಖಾಲಾನ ಪಡಸಾಲೆ, ಖಾಲಾನ ಹೊರಸು. ಆ ಹೆಂಗಸು ಒಳ್ಳೆಯವಳೇ, ತಡಬಡಿಸಿ ಚಾಪೆ ಹಾಸಿದಳು, ಯಾವ ಊರು, ಯಾವ ಮಂದಿ ಎಂದು ಕೇಳಿದಳು. ಹೇಳಿದೆ. "ನಮ್ಮವರೇ ಆದ್ರಿ!" ಎಂದು ಮುಖ ಅರಳಿಸಿದಳು. ಮಾತು ತಾನಾಗಿ ಹರಿಯಿತು.

"ನನ್ನ ತಂಗೀನ ನಿಲಂಗಾಕ್ಕ ಕೊಟ್ಟದ ರೀ. ಆಕಿ ಗಂಡ ಇಲ್ಲೇ ಉದಗೀರದಾಗ ಓದಿದಂವ, ಅಂವನೇ ನಡುವ ನಿಂತು ಈ ಮನಿ ಕೊಡಸ್ಯಾನ, ಭಾಳ ಸಸ್ತಾದಾಗ. ಯಳವಸದ ಹಿಂದಿನ ದಿನಾ ಕೀಲಿ ಕೊಡ್ಬೇಕಂತ ಅಂವನೇ ಮುಂದ ಮಾತಾಡಿ ಇಟ್ಟಿದ್ದ. ಕೀಲಿ ಕೊಟ್ಟಮ್ಯಾಲೂ ಆ ಮುದುಕಿ ಹೋಗ್ಲೇ ಇಲ್ಲ ನೋಡ್ರಿ. ಅವತ್ತಿನ ಗಾಡಿ ಬಿಟ್ಟು ಹೊರಗ ಕಟ್ಟೀ ಮ್ಯಾಲೇ ಕುಂತಿತ್ತು. ಯಾರೋ ಬರ್ತಾರಂತ."

ಹೊರಡುವ ದಿನವನ್ನು ಗೊತ್ತು ಮಾಡಿದವನೇ ನಿಲಂಗಾದ ನನ್ನ ದೋಸ್ತ. ನಾನು ಮೊದಲೇ ಹೋದರೆ ಖಾಲಾಗೆ ಮನೆ ಬಿಡಬೇಡ ಎಂದು ಹೇಳುತ್ತೇನೆ ಎಂಬ ಭಯ ಅವನಿಗೆ. ಅದಕ್ಕೇ ಬಿಸಿನೀರು, ಅದಕ್ಕೇ ಹಾಸಿಗೆ, ಅದಕ್ಕೇ ಕಣಜದಲ್ಲಿ ಚಪ್ಪಲಿ. ಬೈದು ತಡೆದಿದ್ದರೆ ನಾನು ದಾಟಿ ಹೋಗುತ್ತಿದ್ದೆ. ಅವನು ಉಣ್ಣಿಸಿ ತಡೆದ.

ಅಷ್ಟರಲ್ಲಿ ಆಕೆ ನೀರು ತಂದು ಮುಂದಿಟ್ಟಳು. ತಾಮ್ರದ ತಂಬಿಗೆ. ಕಂಠದ ಹತ್ತಿರ ನಾನೇ ಒಮ್ಮೆ ಬೀಳಿಸಿ ಆಗಿದ್ದ ತಗ್ಗು ಹಾಗೇ ಇತ್ತು.

"ಇದು ಎಲ್ಲಿಂದು?" ಎಂದೆ.

"ಅವರೇ ಗೂಡಿನಾಗ ಬಿಟ್ಟು ಹೋಗ್ಯಾರ. 'ಇದಕ ನಾವು ಯಾರೂ ಮುಟ್ಟಿಲ್ಲ, ಅಂವ ಬಂದ್ರ ಇದರಾಗೇ ನೀರು ಕೊಡ್ರಿ' ಅಂದ್ಲು ಮುದುಕಿ. ಯಾರೋ ಏನೋ. ಅವರು ಮುಟ್ಟಿಲ್ಲಂದ ಮ್ಯಾಲ ಸ್ವಚ್ಛ ಅದ ಅಂತ ನಾವು ಬಳಸ್ಲಾಕತ್ತೀವಿ. ಕುಡೀರಿ."

ನಾನು ತಂಬಿಗೆ ತೆಗೆದುಕೊಂಡು ಅಂಗಳಕ್ಕೆ ಬಂದು ನೀರನ್ನು ನೆಲಕ್ಕೆ ಸುರಿದೆ. ಬಾಗಿಲಲ್ಲಿ ನೋಡಿದರೆ ಚಪ್ಪಲಿ ಇಲ್ಲ. ಆಕೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು, ಥೇಟ್ ತಂಗಿಯ ಹಾಗೆಯೇ. "ಉಣ್ಲಾರ್ದ ಹೆಂಗ ಹೋಗ್ತೀರಿ? ಹುಡುಕ್ರಿ!"

"ನೀವೇ ಹಾಕ್ಕೋರಿ" ಎಂದೆ. ಎಷ್ಟು ಜೋರಾಗಿ ಎಂದರೆ ಓಣಿಯ ಬಾಗಿಲುಗಳು ತೆರೆದವು. "ಮನೀನೇ ಹಾಕ್ಕೊಂಡೀರಿ, ಕಾಲ್ಮರಿ ಏನ್ ದೊಡ್ಡದು!"

ತಂಬಿಗೆಯನ್ನು ಹ್ಯಾಂಡಲ್ಲಿಗೆ ಕಟ್ಟಿ ಬರಿಗಾಲಲ್ಲಿ ಸೈಕಲ್ ತುಳಿದೆ. ಪೆಡಲಿನ ಕಬ್ಬಿಣ ಅಂಗಾಲಿಗೆ ಕೊರೆಯುತ್ತಿತ್ತು, ಕೊರೆಯಲಿ ಎಂದು ಇನ್ನೂ ಒತ್ತಿ ತುಳಿದೆ. ಹಿಂದಿನಿಂದ ಆಕೆ, "ತಂಬಗಿ! ನಮ್ಮ ತಂಬಗಿ!" ಎಂದು ಕೂಗುತ್ತಿದ್ದಳು.

ಮನೆಗೆ ಕರೆದು ಕೂರಿಸಿದವರ ತಂಬಿಗೆ ಹೊತ್ತೊಯ್ದ, ಉಂಡ ಮನೆಯ ಜಂತಿ ಎಣಿಸುವವನು ಎಂದು ಉದಗೀರದಿಂದ ಉಮರ್ಗಾದ ತನಕ ನನ್ನ ಹೆಸರು ಕೆಟ್ಟಿತು. ನಿಲಂಗಾದ ದೋಸ್ತ ನನ್ನ ಚಪ್ಪಲಿಯನ್ನು ಎಣ್ಣೆ ಹಚ್ಚಿ, ಹಬ್ಬದ ಉಂಡಿಯ ಜೊತೆ ಕಳಿಸಿಕೊಟ್ಟ. ಎರಡನ್ನೂ ತಿರುಗಿ ಕಳಿಸಿದೆ. ಅಪ್ಪ ತಂಬಿಗೆ ನೋಡಿ, "ಇದು ಯಾರ್ದು?" ಎಂದು ಕೇಳಿದರು. ಖಾಲಾಂದು ಎಂದೆ.

ಕರಾಚಿಯಿಂದ ಸುದ್ದಿ ಬರಲಿಲ್ಲ. ಮುಟ್ಟಿದರೋ ಇಲ್ಲವೋ ಅದೂ ಗೊತ್ತಿಲ್ಲ. ತಂಬಿಗೆ ಈಗಲೂ ನಮ್ಮ ಪಡಸಾಲೆಯ ಗೂಡಿನಲ್ಲಿದೆ. ಹಾದಿಯಲ್ಲಿ ಹೋಗುವ ಯಾರು ಬಂದು ನೀರು ಕೇಳಿದರೂ ಅದರಲ್ಲೇ ಕೊಡುತ್ತೇವೆ, ಯಾವ ಮಂದಿ ಎಂದು ಕೇಳುವುದಿಲ್ಲ, ಹೊರಟರೆ ತಡೆಯುವುದೂ ಇಲ್ಲ. ನಾನು ಮಾತ್ರ ಅದರಲ್ಲಿ ಕುಡಿದಿಲ್ಲ. ನಾನು ಕುಡಿಯಬೇಕೆಂದಿದ್ದು ಅವಳ ಗಿಲಾಸಿನಲ್ಲಿ.